ನಾಲ್ವರು ಸೇರಿ ಕ್ಯಾಟಮರಾನ್ ಕೊಂಡರೆ ಖರ್ಚು ಹಂಚಿಕೊಳ್ಳೋದು ಹೇಗೆ?

ಮೆಡಿಟರೇನಿಯನ್‌ನಲ್ಲಿ ಇಡುವ 40 ಅಡಿಯ ಕ್ಯಾಟಮರಾನ್ (ಜೋಡಿ ಒಡಲಿನ ಹಾಯಿದೋಣಿ) ಅಂತ ಇಟ್ಟುಕೊಳ್ಳೋಣ. ಓಡಿಸದೆ ಸುಮ್ನೆ ನಿಲ್ಲಿಸಿದರೂ ಬರುವ ಖರ್ಚನ್ನು, ಅಂದ್ರೆ ವಿಮೆ, ಮರೀನಾ (ದೋಣಿ ನಿಲ್ಲಿಸುವ ಕಟ್ಟೆ) ಬಾಡಿಗೆ, ತಳದ ಬಣ್ಣ, ಪಾಲಿನ ಪ್ರಕಾರ ಹಂಚಿ. ಡೀಸೆಲ್, ಅಡುಗೆ ಗ್ಯಾಸ್ ಬಳಸಿದವರ ಲೆಕ್ಕಕ್ಕೆ. ಎಂಜಿನ್ ಓಡಿದ ಗಂಟೆಗಳನ್ನು ಮೀಟರ್ ನೋಡಿ ಬರೆದಿಡಿ.

ಕ್ಯಾಟಮರಾನ್‌ಗೆ ಒಡಲು ಎರಡು, ಎಂಜಿನ್ನೂ ಎರಡು. ಸರ್ವಿಸ್ ಬಿಲ್ಲು ಸುಮ್ನೆ ಬಿಡುತ್ತಾ? ಅಗಲ ಜಾಸ್ತಿ ಅಂತ ಎಷ್ಟೋ ಮರೀನಾಗಳು ಒಂದೇ ಒಡಲಿನ ದೋಣಿಯ ಒಂದೂವರೆ ಪಟ್ಟು ಬಾಡಿಗೆ ಕೇಳುತ್ತವೆ. ವರ್ಷಕ್ಕೆ ದೋಣಿಯ ಬೆಲೆಯ ಶೇ. 10ರಷ್ಟು ಎತ್ತಿಡಬೇಕು ಅನ್ನೋದು ರೂಢಿಯ ಅಂದಾಜು. ಹಾಯಿ ಬದಲಿಸೋಕೆ ಬೇರೆ ನಿಧಿ ಇರಲಿ.

ಜಗಳ ಜಾಸ್ತಿ ಆಗೋದು ಎಲ್ಲರೂ ರಜೆಗೆ ಬಯಸುವ ಆಗಸ್ಟ್ ವಾರಗಳಿಗೆ. ಅವನ್ನು ವರ್ಷಕ್ಕೊಬ್ಬರಂತೆ ಸರದಿಯಲ್ಲಿ ಕೊಡಿ. ಯಾರಾದರೂ ಹೊರಬಿದ್ದರೆ ಅವರ ಪಾಲಿಗೆ ಬೆಲೆ ಕಟ್ಟುವುದು ಹೇಗೆ ಅನ್ನೋದನ್ನೂ ಕೊಳ್ಳುವ ಮೊದಲೇ ಬರೆದು ಸಹಿ ಹಾಕಿಸಿ.