ರಾಯಚೂರು ಜಿಲ್ಲೆಯಲ್ಲಿ ಆದರ್ಶ ವಿದ್ಯಾಲಯದ ಓದು ಹೇಗಿರುತ್ತದೆ? ನವೋದಯಕ್ಕಿಂತ ಏನು ಬೇರೆ?

ಎರಡಕ್ಕೂ ಐದನೇ ತರಗತಿಯಲ್ಲೇ ಪ್ರವೇಶ ಪರೀಕ್ಷೆ ಬರೆದು ಆರಕ್ಕೆ ಸೇರಬೇಕು. ನವೋದಯ ಕೇಂದ್ರದ್ದು: ಹಾಸ್ಟೆಲ್, ಸಿಬಿಎಸ್‌ಇ, 12ರವರೆಗೆ. ಆದರ್ಶ ರಾಜ್ಯ ಸರ್ಕಾರದ್ದು. ಸಂಜೆ ಮಗು ಮನೆಗೇ ಬರುತ್ತದೆ.

ಆದರ್ಶದಲ್ಲಿ ಕಷ್ಟ ಇರುವುದು ಇಂಗ್ಲಿಷ್ ಮಾಧ್ಯಮದಲ್ಲಿ. ಊರ ಶಾಲೆಯಲ್ಲಿ ಕನ್ನಡದಲ್ಲಿ ಓದಿದ ಮಗುವಿಗೆ ಗಣಿತ, ವಿಜ್ಞಾನ, ಸಮಾಜ ಮೂರೂ ಒಮ್ಮೆಲೇ ಇಂಗ್ಲಿಷಿನಲ್ಲಿ ಎದುರಾಗುತ್ತವೆ. ಲೆಕ್ಕ ಬರುತ್ತದೆ, ಪ್ರಶ್ನೆಯೇ ಅರ್ಥವಾಗುವುದಿಲ್ಲ! ಮೊದಲ ಕೆಲವು ತಿಂಗಳು ಅಂಕ ಇಳಿದರೆ ಗಾಬರಿಯಾಗಿ ಟ್ಯೂಷನ್‌ಗೆ ಹಾಕಬೇಡಿ. ಬೇಸಿಗೆ ರಜೆಯಲ್ಲೇ ಆರನೇ ತರಗತಿಯ ಇಂಗ್ಲಿಷ್ ಪಠ್ಯಪುಸ್ತಕ ತಂದು ದಿನಕ್ಕೊಂದು ಪುಟ ಗಟ್ಟಿಯಾಗಿ ಓದಿಸಿ. ಹಳ್ಳಿಯಿಂದ ಓಡಾಡುವುದಾದರೆ ಬಸ್ ವೇಳೆ ಮೊದಲೇ ವಿಚಾರಿಸಿ. ಮನೆಯಲ್ಲಿ ಓದಿಗೆ ಜಾಗವೇ ಇಲ್ಲದಿದ್ದರೆ ಮಾತ್ರ ನಾನು ನವೋದಯ ಅನ್ನುತ್ತೇನೆ.