ದಾವಣಗೆರೆ ಮಿರ್ಚಿ ತಿಂದು ಹೊಟ್ಟೆ ಉಬ್ಬರಿಸಿದರೆ ಓಂಕಾಳು ಹೇಗೆ ತಗೋಬೇಕು?

ಮಿರ್ಚಿಯ ಕಡಲೆಹಿಟ್ಟಿಗೆ ಓಂಕಾಳು ಹಾಕುವುದೇ ವಾಯು ಆಗದಿರಲಿ ಅಂತ. ಆದರೆ ಹಿಟ್ಟಿನಲ್ಲಿ ಬೀಳುವುದು ಚಿಟಿಕೆ ಮಾತ್ರ. ಒಂದು ತಟ್ಟೆ ಮಂಡಕ್ಕಿ ಜೊತೆ ನಾಲ್ಕೈದು ಮಿರ್ಚಿ ಇಳಿಸಿದವರಿಗೆ ಅದು ಸಾಲದು.

ಕೆಲಸ ಮಾಡುವುದು ಕಾಳಿನ ಎಣ್ಣೆಯಲ್ಲಿರುವ ಥೈಮಾಲ್ ಎಂಬ ಘಾಟಿನ ಅಂಶ. ಅದು ಬಿಸಿಗೆ ಹಾರಿಹೋಗುತ್ತದೆ, ನೀರಿನಲ್ಲಿ ಅಷ್ಟಾಗಿ ಕರಗುವುದಿಲ್ಲ. ಹಾಗಾಗಿ ಹತ್ತಿಪ್ಪತ್ತು ನಿಮಿಷ ಕುದಿಸಿದ ಕಷಾಯಕ್ಕಿಂತ ಅಗಿದು ತಿನ್ನುವುದೇ ಮೇಲು. ಅರ್ಧ ಟೀ ಚಮಚ ಕಾಳನ್ನು ಅಂಗೈಯಲ್ಲಿ ತಿಕ್ಕಿ, ಹರಳುಪ್ಪು ಸೇರಿಸಿ, ನಿಧಾನಕ್ಕೆ ಅಗಿದು ಬಿಸಿನೀರು ಕುಡಿಯಿರಿ. ಬಿಪಿ ಇದ್ದವರಿಗೆ ಉಪ್ಪು ಬೇಡ. ತಿಕ್ಕಿದಾಗ ಘಾಟು ಬರದಿದ್ದರೆ ಕಾಳು ಹಳತು, ದಂಡ. ಕಷಾಯವೇ ಬೇಕೆಂದರೆ ಕಾಳು ಜಜ್ಜಿ, ಕುದಿದ ನೀರಿಗೆ ಹಾಕಿ, ತಟ್ಟೆ ಮುಚ್ಚಿ 5 ನಿಮಿಷ ಬಿಡಿ. ಕಪ್ಪಗೆ ಹುರಿದರಂತೂ ಕಹಿಯಷ್ಟೇ ಉಳಿಯುತ್ತದೆ.

ಚಮಚಗಟ್ಟಲೆ ಮುಕ್ಕಬೇಡಿ, ಎದೆಯುರಿ ಶುರುವಾಗುತ್ತದೆ. ಹುಳಿತೇಗು, ಅಲ್ಸರ್ ಇದ್ದವರು ಮುಟ್ಟದಿರುವುದೇ ಒಳ್ಳೆಯದು. ಬಸುರಿಯರಿಗೆ ಸಾರು, ರೊಟ್ಟಿಯಲ್ಲಿ ಹಾಕುವಷ್ಟು ಸಾಕು, ಔಷಧಿಯ ಪ್ರಮಾಣ ಬೇಡ. ಹಸುಗೂಸಿಗೆ ಓಂಕಾಳಿನ ನೀರು ಕುಡಿಸಬೇಡಿ.

ಎದೆ ಬಿಗಿದು ಬೆವರು ಬಂದರೆ, ನೋವು ಎಡಗೈಗೋ ದವಡೆಗೋ ಹರಿದರೆ ‘ಗ್ಯಾಸು’ ಅಂತ ಡಬ್ಬಿ ಹುಡುಕುತ್ತಾ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.