ಹತ್ತು ದಿನದ ರಜೆಯಲ್ಲಿ ಸಬರಮತಿಯಿಂದ ದಂಡಿಗೆ ನಡೆದು ಮುಗಿಸಬಹುದೇ? ಯಾವ ಶೂ ಒಳ್ಳೆಯದು?

ಈ ಪ್ರಶ್ನೆಯ ಜೊತೆ ಕಳಿಸಿರುವ ಪಟ್ಟಿಯಲ್ಲಿ ನೀವು 385 ಕಿಲೋಮೀಟರನ್ನು ಹತ್ತರಿಂದ ಭಾಗಿಸಿ ದಿನಕ್ಕೆ 38 ಎಂದು ಬರೆದಿದ್ದೀರಿ. ನಾನೂ ಇದೇ ಭಾಗಾಕಾರ ಮಾಡಿಕೊಂಡು ಹೊರಟವನು.

ನನ್ನದು ಹಾವೇರಿ ಜಿಲ್ಲೆ. 1930ರ ಮಾರ್ಚ್ 12ರಂದು ಉಪ್ಪಿನ ಸತ್ಯಾಗ್ರಹಕ್ಕೆ ಗಾಂಧೀಜಿಯವರ ಜೊತೆ ಸಬರಮತಿ ಆಶ್ರಮದಿಂದ ಹೊರಟವರಲ್ಲಿ ಕರ್ನಾಟಕದವರು ಒಬ್ಬರೇ, ನಮ್ಮ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ. ಆಗ ಅವರಿಗೆ ಹತ್ತೊಂಬತ್ತು ತುಂಬಿರಲಿಲ್ಲ. 1943ರಲ್ಲಿ ಹೊಸರಿತ್ತಿಯಲ್ಲಿ ಗುಂಡೇಟಿಗೆ ಬಲಿಯಾದ ಅವರ ಹೆಸರನ್ನು ಕೇಳುತ್ತಲೇ ಬೆಳೆದ ನನಗೆ, ಅವರು ನಡೆದ ದಾರಿಯಲ್ಲಿ ಒಮ್ಮೆ ನಡೆಯಲೇಬೇಕು ಎಂಬ ಹಂಬಲವಿತ್ತು. ರಜೆ ಮಾತ್ರ ಕಡಿಮೆ ಇತ್ತು.

ಅಸ್ಲಾಲಿ, ಮಾತರ್, ನಡಿಯಾದ್, ಆಣಂದ್ ಎಲ್ಲವೂ ಲೆಕ್ಕದಂತೆಯೇ ಕಳೆದವು. ಯಾತ್ರೆಗೆ ಐದು ದಿನ ಮೊದಲು ಸರ್ದಾರ್ ಪಟೇಲರನ್ನು ಬಂಧಿಸಿದ್ದು ರಾಸ್ ಎಂಬ ಊರಿನಲ್ಲಿ. ಅಲ್ಲಿಯೂ ನಾನು ನೀರಿನ ಬಾಟಲಿ ತುಂಬಿಸಿಕೊಳ್ಳುವಷ್ಟು ಹೊತ್ತು ಮಾತ್ರ ನಿಂತೆ. ಆ ದಿನದ 38 ಇನ್ನೂ ಮುಗಿದಿರಲಿಲ್ಲವಲ್ಲ! ಆ ಅವಸರದಲ್ಲೇ ಕಂಕಾಪುರ ತಲುಪಿ ಮಹಿ ನದಿಯ ದಡಕ್ಕೆ ಹೋದರೆ, ನದಿ ಇರಲಿಲ್ಲ. ಕಣ್ಣು ಹಾಯುವಷ್ಟು ದೂರ ಬೂದು ಬಣ್ಣದ ಕೆಸರು, ಅದರ ಮೇಲೆ ಒಂದು ಮಗ್ಗುಲಿಗೆ ವಾಲಿದ ದೋಣಿ, ಹಗ್ಗ ಸುತ್ತುತ್ತಿದ್ದ ದೋಣಿಯವರು. ನಾನು ಕಾಲಿಟ್ಟು ನೋಡಿದೆ. ಮೊಣಕಾಲಿನವರೆಗೆ ಇಳಿಯಿತು. ಕಾಲು ಮೇಲೆ ಬಂತು, ಶೂ ಬರಲಿಲ್ಲ. ಕೈ ಹಾಕಿ ತಡಕಾಡಿ ಎಳೆದುಕೊಳ್ಳಬೇಕಾಯಿತು.

"ರಾತ್ರಿ ನೀರು ಬರುತ್ತದೆ ಭಾಯಿ, ಊಟ ಮಾಡಿ ಮಲಗಿರಿ, ನಾನೇ ಎಬ್ಬಿಸುತ್ತೇನೆ" ಎಂದರು ಅವರು.

ನಾನು ಕಾಯಲಿಲ್ಲ. ಇದನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ನೀವು ಕಳಿಸಿರುವ ಪಟ್ಟಿಯಲ್ಲಿ ಮಹಿ ನದಿಗೆ ಒಂದು ಸಾಲೂ ಇಲ್ಲ. ಅಲ್ಲಿ ಮಹಿ ನಡೆದುಕೊಳ್ಳುವುದು ಸಮುದ್ರದಂತೆ. ಅದು ಹೋಗಿ ಸೇರುವ ಖಂಭಾತ್ ಕೊಲ್ಲಿಯ ಉಬ್ಬರವಿಳಿತ ನಮ್ಮ ದೇಶದಲ್ಲೇ ಅತಿ ದೊಡ್ಡದು. ದಿನಕ್ಕೆ ಎರಡು ಸಲ ನೀರು ಏರುತ್ತದೆ, ಏರುವ ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ, ಅಮಾವಾಸ್ಯೆ ಹುಣ್ಣಿಮೆಯ ಆಸುಪಾಸಿನಲ್ಲಿ ಜೋರು, ಅಷ್ಟಮಿಯ ಆಸುಪಾಸಿನಲ್ಲಿ ಮಂದ. ಗಾಂಧೀಜಿಯವರ ತಂಡ ಮಾರ್ಚ್ 19ರ ರಾತ್ರಿ ದೋಣಿಯಲ್ಲಿ ದಾಟಿ, ಕೆಸರು ತುಳಿದು ಕಾರೇಲಿಯ ಕಡೆಗೆ ಹೋದದ್ದನ್ನು ನಾನು ಎಷ್ಟೋ ಸಲ ಓದಿದ್ದೆ. ಪ್ರತಿ ಸಲವೂ ಭಾವುಕನಾದೆನೇ ಹೊರತು, ರಾತ್ರಿಯೇ ಏಕೆ ಎಂದು ಕೇಳಿಕೊಳ್ಳಲಿಲ್ಲ. ನಕ್ಷೆಯಲ್ಲಿ ದೂರ ನೋಡಿದೆ, ಪಂಚಾಂಗ ನೋಡಲಿಲ್ಲ.

ಕಾಯುವ ಬದಲು ಸೇತುವೆಯ ದಾರಿ ಹಿಡಿದು ಸುತ್ತಿಕೊಂಡು ಹೋದೆ. ಒದ್ದೆ ಶೂ, ಕೆಸರು ಮೆತ್ತಿದ ಸಾಕ್ಸ್, ಮಾರನೆಯ ದಿನ ಮಧ್ಯಾಹ್ನದ ಬಿಸಿಲಿನಲ್ಲಿ ಡಾಂಬರು ರಸ್ತೆ, ಪಕ್ಕದಲ್ಲಿ ಲಾರಿಗಳು. ಅಂಗಾಲಿನಲ್ಲಿ ಎದ್ದ ಬೊಬ್ಬೆಗಳು ಒಡೆದು ಕೀವು ತುಂಬಿತು. ಜಂಬುಸರದಲ್ಲಿ ವೈದ್ಯರು ಡ್ರೆಸಿಂಗ್ ಮಾಡಿ, ಇನ್ನು ನಡೆಯಬಾರದು ಎಂದರು. ಅಲ್ಲಿಂದ ಬಸ್ಸು, ರೈಲು, ಊರು.

ಹಾಗಾಗಿ ಮುಗಿಸಬಹುದೇ ಎಂಬ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಅರವತ್ತು ದಾಟಿದ್ದ ಗಾಂಧೀಜಿ ಬೆಳಿಗ್ಗೆ ಒಂದಿಷ್ಟು, ಸಂಜೆ ಒಂದಿಷ್ಟು ನಡೆದರು, ಸೋಮವಾರ ನಡೆಯಲಿಲ್ಲ. ನಡೆದ ದಿನಗಳ ಸರಾಸರಿ ತೆಗೆದರೆ ದಿನಕ್ಕೆ ಸುಮಾರು 18 ಕಿಲೋಮೀಟರು. ಅವರಿಗೆ ವೇಗ ಬೇಕಿರಲಿಲ್ಲ, ಹಳ್ಳಿಗಳು ಬೇಕಿದ್ದವು. ತಂಗುವ ಊರಿನ ಜನಸಂಖ್ಯೆ, ಚರಕ, ಖಾದಿ, ಭೂಕಂದಾಯ, ದನಕರುಗಳ ವಿವರವನ್ನೆಲ್ಲ ಮುಂಚಿತವಾಗಿ ಕೇಳಿ ತರಿಸಿಕೊಂಡು ಅಲ್ಲಿ ಮಾತನಾಡುತ್ತಿದ್ದರು. ದಿನಕ್ಕೆ 38 ನಡೆಯುವವನಿಗೆ ರಾತ್ರಿ ಮಲಗುವ ಜಗಲಿ ಕಂಡೀತು, ಊರು ಕಾಣುವುದಿಲ್ಲ. ನನಗೆ ಕಾಣಲಿಲ್ಲ.

ನಿಮ್ಮ ಹತ್ತು ದಿನಕ್ಕೆ ದಂಡಿ ಬೇಡ. ಮಾರ್ಚ್ 12ಕ್ಕೆ ಹೊರಟು ಅವರ ವೇಗದಲ್ಲೇ ನಡೆಯಿರಿ, 17ರಂದು ಅವರಂತೆ ಆಣಂದಿನಲ್ಲಿ ವಿಶ್ರಾಂತಿ ತೆಗೆದುಕೊಳ್ಳಿ, 19ರ ಹೊತ್ತಿಗೆ ಮಹಿ. ಉಳಿದ ದಿನಗಳು ಉಬ್ಬರಕ್ಕೆ ಕಾಯಲು ಮತ್ತು ಆಚೆ ದಡದ ಗಜೇರಾವರೆಗೆ ನಡೆಯಲು ಸಾಕು. ಮುಂದಿನ ವರ್ಷ ಅಲ್ಲಿಂದಲೇ ಶುರು ಮಾಡಿ. ನಾನು ಉಳಿದ ದಾರಿಯನ್ನು ಹಾಗೆಯೇ, ಬೇರೆ ಬೇರೆ ರಜೆಗಳಲ್ಲಿ ನಡೆದೆ. ಆಮೋದ್, ಭರೂಚ್, ಸೂರತ್, ನವಸಾರಿ ನನಗೆ ಇಂದಿಗೂ ನೆನಪಿವೆ. ಮೊದಲ ಅರ್ಧದ ಊರುಗಳು ಅಷ್ಟಾಗಿ ನೆನಪಿಲ್ಲ.

ಶೂ ಯಾವುದಾದರೂ ಸರಿ, ಹೊಸದು ಬೇಡ. ರಜೆಯ ಅರ್ಜಿ ಕೊಡುವ ಮುನ್ನ ಉಬ್ಬರದ ವೇಳಾಪಟ್ಟಿ ನೋಡಿ. ಕಂಕಾಪುರಕ್ಕೆ ಒಂದು ದಿನ ಮುಂಚೆಯೇ ಹೇಳಿಕಳಿಸಿ ದೋಣಿ ಗೊತ್ತುಮಾಡಿಕೊಳ್ಳಿ. ಆ ಕೆಸರಿಗೆ ಮಾತ್ರ ಬರಿಗಾಲಲ್ಲಿ ಇಳಿಯಿರಿ.